ಕೆಲಸ: ವ್ಯವಸಾಯ

ಬಸ್ಸಿಳಿಯುವ ಜಾಗದಿಂದ ನಮ್ಮ ಮನೆಗೆ ಸ್ವಲ್ಪ ಏರು. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ಅಕ್ಕಿ ಮೂಟೆ ಹೆಗಲ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ನನ್ನನ್ನು ಗೇಲಿ ಮಾಡುತ್ತಾ ಆ ಏರನ್ನು ಹತ್ತುತ್ತಿದ್ದರು. ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಸಂಜೆ ಹೊಂಗೆ ಮರದ ಹತ್ತಿರ ನಿಂತರು. "ಚಪ್ಪಲಿಗೆ ಕಲ್ಲು ಸಿಕ್ಕದ ಕಣಮ್ಮಿ, ನೀ ನಡಿ" ಅಂದರು. ನಂಬಿದೆ. ಮರುದಿನವೂ ಕಲ್ಲು ಸಿಕ್ಕಿತು. ವಾರವೆಲ್ಲ ಒಂದೇ ಮರದ ಕೆಳಗೆ ಒಂದೇ ಚಪ್ಪಲಿಗೆ ಕಲ್ಲು ಸಿಕ್ಕಲು ಶುರುವಾದಾಗ ನಂಬುವುದನ್ನು ಬಿಟ್ಟೆ. ಅಂದಿನಿಂದ ಅವರು ಎಷ್ಟು ಕಡೆ ನಿಲ್ಲುತ್ತಾರೆ ಎಂದು ಎಣಿಸತೊಡಗಿದೆ. ಗೌರಿಹಬ್ಬದ ಹೊತ್ತಿಗೆ ಎರಡು ಕಡೆ. ಹೊಂಗೆ ಮರ, ಆಮೇಲೆ ಊರವರು ನೀರು ಹಿಡಿಯುವ ತೊಂಬೆ.

ಅವರು ಕೆಲಸ ಮಾಡುತ್ತಿದ್ದದ್ದು ಚಾಮರಾಜನಗರದ ರಸ್ತೆಯಲ್ಲಿರುವ ಒಂದು ಕಲ್ಲಿನ ಫ್ಯಾಕ್ಟರಿಯಲ್ಲಿ. ದೊಡ್ಡ ಬಂಡೆ ಕುಯ್ಯುವ ಗರಗಸಕ್ಕೆ ನೀರು ಬಿಡುತ್ತಾರೆ, ಅಲ್ಲಿ ಕೆಸರಾಗುತ್ತದೆಯೇ ಹೊರತು ಧೂಳೇಳುವುದಿಲ್ಲ. ಆದರೆ ಇವರದು ಅಂಚು ಸವರುವ ಕೆಲಸ, ಕೈ ಮಿಷನ್ನಿನಲ್ಲಿ. ನೀರು ಬಿಟ್ಟರೆ ಹಾಕಿಕೊಂಡ ಗುರುತು ಅಳಿಸಿಹೋಗುತ್ತದೆ, ಮಿಷನ್ನು ಶಾಕ್ ಹೊಡೆಯುತ್ತದೆ ಎಂದು ಎಲ್ಲರೂ ಒಣಗಲ್ಲನ್ನೇ ಉಜ್ಜುತ್ತಿದ್ದರು. ಮೂಗಿಗೆ ಒಂದು ಟವೆಲ್ಲು. ಹನ್ನೊಂದು ವರ್ಷ ಹೀಗೇ ಉಜ್ಜಿದರು.

ಸಂಜೆ ಮನೆಗೆ ಬಂದಾಗ ರೆಪ್ಪೆ, ಮೀಸೆ, ಕಿವಿಯ ಸಂದಿ ಎಲ್ಲ ಬೆಳ್ಳಗಿರುತ್ತಿತ್ತು. ನಾವು ಲಿಂಗ ಕಟ್ಟಿದ ಮನೆಯವರು, ದಿನಾ ವಿಭೂತಿ ಹಚ್ಚುವವರು. "ಬನ್ನಿ ಬನ್ನಿ, ಮೈಗೆಲ್ಲ ವಿಭೂತಿ ಬಳ್ಕಂಡೇ ಬಂದ್ರಾ, ಇವತ್ತು ಪೂಜೆ ಮಾಡ್ದೆ ಇದ್ರೂ ನಡೀತದ" ಎಂದು ನಾನು ಅಣಕಿಸುತ್ತಿದ್ದೆ. ಆಗ ಅದು ನಗುವ ಮಾತಾಗಿತ್ತು. ಒಳಗೆ ಧೂಳು ಬರಬಾರದೆಂದು ಅಂಗಿ, ಪ್ಯಾಂಟನ್ನು ಜಗುಲಿಯ ಮೇಲೇ ಬಿಚ್ಚಿಸಿ, ಕಂಬಕ್ಕೆ ಪಟಪಟನೆ ಬಡಿದು ಒದರುತ್ತಿದ್ದೆ. ಮನೆ ಚೊಕ್ಕಟವಾಗಿರಬೇಕು, ಅದು ನನ್ನ ಹಟ. ಅಂಗಿ ಒದರುವ ಮುಂಚೆ ಮಗಳು ಓಡಿಬಂದು ಅದರ ಜೇಬಿಗೆ ಕೈ ಹಾಕುತ್ತಿದ್ದಳು. ಜೇಬಿನಲ್ಲಿ ಬೆಲ್ಲ ಇರುತ್ತಿತ್ತು.

ಆ ಬೆಲ್ಲದ ವಿಷಯ ಹೇಳಬೇಕು. ಫ್ಯಾಕ್ಟರಿಯಲ್ಲಿ ಕೆಲಸ ಬಿಡುವ ಹೊತ್ತಿಗೆ ಮೇಸ್ತ್ರಿ ಎಲ್ಲರಿಗೂ ಒಂದೊಂದು ಉಂಡೆ ಬೆಲ್ಲ ಹಂಚುತ್ತಿದ್ದ. ಬೆಲ್ಲ ತಿಂದರೆ ಗಂಟಲಿನ ಧೂಳೆಲ್ಲ ಜಾರಿ ಹೊಟ್ಟೆಗೆ ಹೋಗಿ ಬೆಳಗ್ಗೆ ಆಚೆ ಹೋಗಿಬಿಡುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಮೇಸ್ತ್ರಿಯೂ ತಿನ್ನುತ್ತಿದ್ದ, ಮೋಸವೇನಲ್ಲ. ನಾನೂ ನಂಬಿದ್ದೆ. ನಮ್ಮ ಮನೆಯವರು ಅರ್ಧ ತಿಂದು ಅರ್ಧ ಮಗಳಿಗೆ ತರುವುದು ತಿಳಿದಾಗ ನಾನು ಜಗಳ ತೆಗೆದಿದ್ದೆ. "ಪೂರ್ತಿ ತಿನ್ನಿ ಅಂತ ಕೊಟ್ರೆ ಪ್ರೀತಿ ತೋರಿಸ್ತಾರಂತೆ ಪ್ರೀತಿಯ! ಒಳಗಿರೋ ಧೂಳು ಅರ್ಧ ಅಲ್ಲೇ ಕೂತ್ಕಂಡ್ರೆ?" ಆ ಜಗಳ ನೆನೆಸಿಕೊಂಡರೆ ಈಗ ನಗಲೋ ಅಳಲೋ ತಿಳಿಯುವುದಿಲ್ಲ.

ಕೆಮ್ಮು ಶುರುವಾದಾಗ ಮನೆಯಲ್ಲಿ ಒಬ್ಬೊಬ್ಬರು ಒಂದೊಂದರ ಮೇಲೆ ತಪ್ಪು ಹೊರಿಸಿದರು. ನಾನು ಬೀಡಿಯ ಮೇಲೆ. ದಿನಕ್ಕೆ ನಾಲ್ಕು ಸೇದುತ್ತಿದ್ದರು, ಕಟ್ಟು ಸಿಕ್ಕಿದ ಕಡೆಯೆಲ್ಲ ಎತ್ತಿ ಒಲೆಗೆ ಹಾಕಿದೆ. ನಮ್ಮತ್ತೆ ಒಲೆಯ ಮೇಲೇ ತಪ್ಪು ಹೊರಿಸಿದರು. "ನಿನ್ನ ಹಸಿ ಸೌದೆ ಹೊಗೆ ಕುಡ್ದು ಕುಡ್ದು ನನ್ನ ಮಗ ಹಿಂಗಾದ. ಗ್ಯಾಸು ಇಟ್ಕಂಡಿರಾದು ಪೂಜೆ ಮಾಡಾಕ?" ಮೈದುನ ಮೋಡದ ಗಾಳಿ ಅಂದ. ಕಲ್ಲನ್ನು ಮಾತ್ರ ಯಾರೂ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂದರೆ, ನಮ್ಮ ಮನೆಯಲ್ಲಿ ಕಲ್ಲಿನ ಮಾತೇ ಆಡುವಂತಿರಲಿಲ್ಲ.

ನಮ್ಮ ಮಾವನ ಮನೆತನ ಉಳುವ ಮನೆತನ. ಇವರ ಪಾಲಿಗೆ ಬಂದದ್ದು ಒಂದೂವರೆ ಎಕರೆ. ಅರಿಶಿನ ಹಾಕಿ ಮೈದುನನೇ ನೋಡಿಕೊಳ್ಳುತ್ತಾನೆ. ಬೇರೆಯವರ ಕೈ ಕೆಳಗೆ ಕೂಲಿಗೆ ಹೋಗಿ ಕಲ್ಲು ಉಜ್ಜುವುದನ್ನು ನೆಂಟರ ಮುಂದೆ ಹೇಳಲು ಇವರಿಗೆ ಪ್ರಾಣಸಂಕಟ. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ "ವ್ಯವಸಾಯ ಅದ, ಜೊತೆಗೆ ಫ್ಯಾಕ್ಟ್ರೀಲಿ ಒಸಿ ಉಸ್ತುವಾರಿ" ಎನ್ನುತ್ತಿದ್ದರು. ಪಕ್ಕದಲ್ಲಿ ನಿಂತ ನಾನು ಹೂಂ ಎನ್ನುತ್ತಿದ್ದೆ. ಗಂಡನ ಮಾನ ನನ್ನ ಮಾನವಲ್ಲವೇ?

ಎರಡನೆಯ ನಿಲುಗಡೆ ಶುರುವಾದ ವಾರ ಗುಂಡ್ಲುಪೇಟೆಗೆ ಕರೆದುಕೊಂಡು ಹೋದೆ. ನನ್ನ ತವರು ಆ ಕಡೆಯೇ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತವಳು ನಾನು. ಕಿಟಕಿಯೊಳಗಿನ ಹುಡುಗಿ ಹೆಸರು ಕೇಳಿದಳು, ವಯಸ್ಸು ಕೇಳಿದಳು, "ಕೆಲಸ?" ಅಂದಳು. ನಮ್ಮ ಹಿಂದೆಯೇ ತವರೂರಿನ ಇಬ್ಬರು ಹೆಂಗಸರು ನಿಂತಿದ್ದರು. ನಾನು ಹಿಂದೆಮುಂದೆ ನೋಡದೆ "ವ್ಯವಸಾಯ" ಅಂದೆ. ಒಳಗೆ ಡಾಕ್ಟರು ಚೀಟಿ ನೋಡಿ ಮತ್ತೆ ಕೇಳಿದರು, "ಧೂಳಿನಲ್ಲಿ ಏನಾದ್ರೂ ಕೆಲಸ ಮಾಡ್ತೀರಾ?" ನಮ್ಮ ಮನೆಯವರು ನನ್ನ ಮುಖ ನೋಡಿದರು. "ಇಲ್ಲ ಸಾ, ಜಮೀನು ಅಷ್ಟೆ" ಅಂದರು. ಡಾಕ್ಟರ ತಪ್ಪೇನೂ ಇಲ್ಲ. ಅವರು ಎರಡು ಸಲ ಕೇಳಿದರು, ನಾವು ಎರಡು ಸಲವೂ ಸುಳ್ಳು ಹೇಳಿದೆವು.

ಎದೆಯ ಚಿತ್ರದಲ್ಲಿ ಕಲೆಗಳಿದ್ದವು. ಕಫದಲ್ಲಿ ಏನೂ ಸಿಗದಿದ್ದರೂ ಟೀಬಿಯೇ ಇರಬಹುದೆಂದು ಆರು ತಿಂಗಳಿಗೆ ಮಾತ್ರೆ ಕೊಟ್ಟರು. ಆ ಮಾತ್ರೆಗೆ ಉಚ್ಚೆ ಕೇಸರಿ ಬಣ್ಣಕ್ಕೆ ತಿರುಗಿತು, ಊಟ ಸೇರದಾಯಿತು. ನಾನು ಅವರ ತಟ್ಟೆ, ಲೋಟ ಬೇರೆ ಮಾಡಿದೆ, ಮಗಳನ್ನು ಅತ್ತೆಯ ಪಕ್ಕಕ್ಕೆ ಮಲಗಿಸಿದೆ. ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಕೆಲಸಕ್ಕೂ ಒಂದು ದಿನ ತಪ್ಪಿಸಲಿಲ್ಲ. ಬೆಳಗ್ಗೆ ಮಾತ್ರೆ ನುಂಗಿ, ಎಂಟಕ್ಕೆ ಹೋಗಿ ಕಲ್ಲುಜ್ಜಿ, ಸಂಜೆ ಬೆಲ್ಲ ತಿಂದು ಬರುವುದು. ಜಗುಲಿಯ ಮೇಲೆ ನಾನು ಅಂಗಿ ಒದರುವುದು. ಆರು ತಿಂಗಳು ಮುಗಿದಾಗ ಅವರು ಮೂರು ಕಡೆ ನಿಲ್ಲುತ್ತಿದ್ದರು. ಮೂರನೆಯದು ನಮ್ಮದೇ ಮನೆಯ ಮೆಟ್ಟಿಲು.

ನನಗೆ ಹೆದರಿಕೆ ಹತ್ತಿತು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದೆ. ಅವರು ಹಿತ್ತಲಿಗೆ ಹೋದರೆ ಕೆಮ್ಮು ಕೇಳಿಸುತ್ತಿದೆಯೇ ಎಂದು ಕಿವಿ ಕೊಡುತ್ತಿದ್ದೆ. ಕೇಳಿಸಿದರೂ ಭಯ, ಕೇಳಿಸದಿದ್ದರೆ ಇನ್ನೂ ಭಯ. ಅದೇ ಫ್ಯಾಕ್ಟರಿಯಲ್ಲಿ ಇವರ ಪಕ್ಕದಲ್ಲೇ ಉಜ್ಜುತ್ತಿದ್ದ ಒಬ್ಬರು ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾರೆಂದು ತಿಳಿದು ನೋಡಲು ಹೋಗಿದ್ದೆ. ನಲವತ್ತು ದಾಟಿಲ್ಲ, ಗೋಡೆಗೆ ದಿಂಬು ಒರಗಿಸಿಕೊಂಡು ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ಅವರ ಹೆಂಡತಿ ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದಳು, "ಟೀಬಿ ಮಾತ್ರೆ ಎಲ್ಡು ಸಲ ಆಯ್ತು ಕಣಕ್ಕ. ವಾಸಿ ಆಗ್ನಿಲ್ಲ."

ಆ ವಾರವೇ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲೂ ಕಿಟಕಿ, ಅಲ್ಲೂ ಚೀಟಿ, "ಕೆಲಸ?" ಅಂದರು. ಹಾಳು ನಾಲಿಗೆ, ಅಭ್ಯಾಸಬಲ, ಮತ್ತೆ ವ್ಯವಸಾಯ ಅಂದೆ. ಎಕ್ಸ್‌ರೇ ಕೋಣೆಯ ಆಚೆ ನಿಂತಿದ್ದೆ. ಒಳಗಿನಿಂದ "ಉಸಿರು ಎಳೆದು ಹಿಡ್ಕೊಳ್ಳಿ" ಎನ್ನುವುದು ಕೇಳಿಸಿತು, ಹಿಂದೆಯೇ ಕೆಮ್ಮು. ಮತ್ತೆ "ಹಿಡ್ಕೊಳ್ಳಿ", ಮತ್ತೆ ಕೆಮ್ಮು. ಮೂರು ಸಲ ಹಾಗಾಯಿತು. ನಾಲ್ಕನೆಯ ಸಲಕ್ಕೆ ನಾನು ಆಚೆ ನಿಂತು ನನಗೆ ತಿಳಿಯದೆಯೇ ಉಸಿರು ಹಿಡಿದಿದ್ದೆ.

ಡಾಕ್ಟರು ಹೆಂಗಸು. ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ವ್ಯವಸಾಯ ಅಂತ ಬರೆದಿದೆ. ಏನು ಬೆಳೀತೀರಿ?"

"ಅರಿಶಿನ" ಅಂದರು ನಮ್ಮ ಮನೆಯವರು.

"ಬೇಯಿಸಿ, ಒಣಗಿಸಿ, ಪಾಲಿಶ್ ಮಾಡ್ತೀರಲ್ಲ, ಆ ಡ್ರಮ್ ತಿರುಗಿಸುವಾಗ ಧೂಳು ಬರುತ್ತಾ?"

ಇವರ ಮುಖ ಅರಳಿತು. "ಬತ್ತದೆ ಮೇಡಂ, ಸಿಕ್ಕಾಪಟ್ಟೆ ಬತ್ತದೆ. ಕಣ್ಣು ಬಿಡಾಕಾಗಲ್ಲ."

ಡಾಕ್ಟರು ಪೆನ್ನು ತೆಗೆದುಕೊಂಡು ಬರೆಯತೊಡಗಿದರು. ಅರಿಶಿನದ ಧೂಳೂ ಕೆಮ್ಮು ತರುತ್ತದೆ, ನಿಜ. ಆದರೆ ಇವರು ಆ ಡ್ರಮ್ಮಿನ ಹತ್ತಿರ ಹೋಗಿ ಹನ್ನೊಂದು ವರ್ಷವಾಗಿತ್ತು. ನನಗೆ ದಿಂಬಿಗೊರಗಿದ್ದ ಆ ಮನುಷ್ಯನ ತೆರೆದ ಬಾಯಿ ಕಣ್ಣಿಗೆ ಕಟ್ಟಿತು.

"ಸುಳ್ಳು ಮೇಡಂ!" ಅಂದೆ. ಕೂಗಿಯೇ ಬಿಟ್ಟೆ, ಆಚೆ ಬೆಂಚಿನಲ್ಲಿದ್ದವರೆಲ್ಲ ಇಣುಕಿದರು. "ಇವ್ರು ಕಲ್ಲುಜ್ಜಾದು. ಹನ್ನೊಂದು ವರ್ಷದಿಂದ ಕಲ್ಲಿನ ಫ್ಯಾಕ್ಟ್ರೀಲಿ ಕೂಲಿ. ನೀರು ಬುಡಲ್ಲ, ಒಣಾದೇ ಉಜ್ಜಾದು. ಚೀಟೀಲಿ ಬರ್ಸಿದ್ದು ನಾನೇ. ಗುಂಡ್ಲುಪೇಟೇಲೂ ನಾನೇ ಬರ್ಸಿದ್ದು."

ಡಾಕ್ಟರು ಪೆನ್ನು ಕೆಳಗಿಟ್ಟರು. ನಮ್ಮ ಮನೆಯವರು ತಲೆ ಬಗ್ಗಿಸಿಕೊಂಡರು. "ಮಾನ ಕಳ್ದುಬುಟ್ಟಲ್ಲಮ್ಮಿ" ಎಂದು ಮೆಲ್ಲಗೆ ಅಂದರು. "ಮಾನ ಇಟ್ಕಂಡು ನಾನೇನ್ ಉಪ್ಪಿನಕಾಯಿ ಹಾಕ್ಲಾ? ನಂಗೆ ನೀವು ಬೇಕು" ಅಂದೆ. ಅವರೆದುರು ಅಳಬಾರದು ಅಂದುಕೊಂಡಿದ್ದೆ, ಆಗಲಿಲ್ಲ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶದ ತಳಕ್ಕೆ ಹೋಗಿ ಕೂತರೆ ಆಚೆ ಬರುವುದಿಲ್ಲ, ಅದರ ಸುತ್ತ ಗಾಯ ಗಟ್ಟಿಯಾಗುತ್ತಾ ಹೋಗುತ್ತದೆ, ಆಗಿರುವುದನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ ಎಂದರು. ನಾನು ಬೆಲ್ಲದ ಮಾತು ತೆಗೆದೆ. "ಬೆಲ್ಲ ಹೋಗೋದು ಹೊಟ್ಟೆಗಮ್ಮ, ಧೂಳು ಕೂತಿರೋದು ಎದೇಲಿ. ಎರಡರ ದಾರಿ ಬೇರೆ" ಅಂದರು. ಇವತ್ತಿನಿಂದಲೇ ಆ ಕೆಲಸ ಬಿಡಬೇಕು, ಬೀಡಿಯನ್ನೂ ಬಿಡಬೇಕು, ಹೊಗೆ ತಾಕಬಾರದು. ಇಂಥ ಎದೆಗೆ ಟೀಬಿ ಬೇಗ ಅಂಟುತ್ತದೆ, ಆಗಾಗ ತೋರಿಸುತ್ತಿರಬೇಕು. "ಆರು ತಿಂಗಳ ಹಿಂದೆಯೇ ಗೊತ್ತಾಗಿದ್ದರೆ?" ಎಂದು ಕೇಳಿದೆ. ಡಾಕ್ಟರು ನನ್ನ ಮುಖ ನೋಡಿ, "ಆರು ತಿಂಗಳ ಧೂಳು ಕಮ್ಮಿಯಾಗಿರೋದು" ಅಂದರು. ಆರು ತಿಂಗಳ ಧೂಳು. ನಾನು ಒಂದು ಪದ ಹೇಳಿ ಅವರ ಎದೆಗೆ ಸುರಿದದ್ದು.

ಎದ್ದು ನಿಂತಾಗ ಡಾಕ್ಟರು ಕರೆದರು. "ಇವರ ಕೆಲಸದ ಬಟ್ಟೆ ಒಗೆಯೋದು ಯಾರು?"

"ನಾನೇ ಮೇಡಂ. ಒಗೆಯೋ ಮುಂಚೆ ಒದರ್ತೀನಿ, ಜಗುಲಿ ಮೇಲೆ. ಕಂಬಕ್ಕೆ ಬಡಿದು."

"ಮುಖಕ್ಕೆ ಏನಾದ್ರೂ ಕಟ್ಕೋತೀರಾ?"

ಇಲ್ಲ ಎಂದೆ. ಮಗಳು ಜೇಬಿಗೆ ಕೈ ಹಾಕುವುದನ್ನೂ ಹೇಳಿದೆ. ಇನ್ನು ಯಾವ ಸುಳ್ಳನ್ನೂ ಇಟ್ಟುಕೊಳ್ಳುವ ಧೈರ್ಯ ಇರಲಿಲ್ಲ. "ಹೆದರಬೇಡಿ, ಇವರಷ್ಟು ಧೂಳು ನಿಮಗೆ ಹೋಗಿರಲ್ಲ. ಆದರೂ ನಿಮ್ಮದೂ ಒಂದು ಚಿತ್ರ ತೆಗೆಸಿಬಿಡಿ. ಮಗಳನ್ನೂ ಒಂದು ದಿನ ಕರ್ಕೊಂಡು ಬನ್ನಿ" ಅಂದರು. ಮಗಳ ಹೆಸರೆತ್ತಿದ ಮೇಲೆ ಅವರು ಹೇಳಿದ್ದೊಂದೂ ನನ್ನ ಕಿವಿಗೆ ಬೀಳಲಿಲ್ಲ.

ಮತ್ತೆ ಅದೇ ಕಿಟಕಿ. ಈ ಸಲ ಚೀಟಿ ನನಗೆ. ಹೆಸರು, ವಯಸ್ಸು ಹೇಳಿದೆ. "ಕೆಲಸ?" ಅಂದರು. ಮನೆಗೆಲಸ ಎನ್ನಬೇಕು, ಹೇಳಿದರೆ ಅದೂ ಸುಳ್ಳೇನೋ ಅನ್ನಿಸಿತು. ಹಿಂದೆ ಇಪ್ಪತ್ತು ಜನ ಸಾಲಿನಲ್ಲಿದ್ದರು. ಡಾಕ್ಟರ ಕೋಣೆಯಿಂದ ಬಂದ ಮೇಲೆ ನನ್ನೊಡನೆ ಮಾತು ಬಿಟ್ಟಿದ್ದ ನಮ್ಮ ಮನೆಯವರು ಒರಗಿದ್ದ ಕಂಬ ಬಿಟ್ಟು ಬಂದರು, ಕಿಟಕಿಯ ಸರಳು ಹಿಡಿದು ಎರಡು ಸಲ ಉಸಿರೆಳೆದುಕೊಂಡರು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಕಲ್ಲಿನ ಕೆಲ್ಸ ಅಂತ ಬರ್ಕಳಿ. ನಂದೂ ಅದೇ, ಇವ್ಳದೂ ಅದೇ. ನನ್ನ ಚೀಟೀಲೂ ವ್ಯವಸಾಯ ಹೊಡ್ದಾಕಿ."

ಎಕ್ಸ್‌ರೇ ಕೋಣೆ ತಣ್ಣಗಿತ್ತು. ತಾಳಿ, ಸರ ಬಿಚ್ಚಿ ಇವರ ಅಂಗೈಯಲ್ಲಿಟ್ಟು ಒಳಗೆ ಹೋದೆ. ಎದೆಯನ್ನು ಹಲಗೆಗೆ ಒತ್ತಿ ನಿಲ್ಲಿಸಿ ಆಳವಾಗಿ ಉಸಿರೆಳೆದು ಹಿಡಿದುಕೊಳ್ಳಿ ಅಂದರು. ಎಳೆದೆ, ಹಿಡಿದೆ. ಎಷ್ಟು ಸುಲಭವಾಗಿ ಒಳಗೆ ಬಂತು, ಎಷ್ಟು ಸುಲಭವಾಗಿ ನಿಂತಿತು. ಬಾಗಿಲಾಚೆ ಅವರು ಕೆಮ್ಮುತ್ತಿದ್ದರು. "ಬಿಡಿ, ಆಯ್ತು" ಅಂದರು ಒಳಗಿನವರು. ನನಗೆ ಬಿಡಲು ಮನಸ್ಸಾಗಲಿಲ್ಲ.