ಸುಚಿತಾ ಮುಟ್ಟದ ಹನ್ನೆರಡು ಕಂಪ್ಯೂಟರು

ಸುಚಿತಾಳಿಗೆ ಸಿಟ್ಟು ಬಂದರೆ ಮುಖದಲ್ಲಿ ಏನೂ ಕಾಣುವುದಿಲ್ಲ. ನನಗೆ ಹಾಗಲ್ಲ, ಕಿವಿಯವರೆಗೆ ಕೆಂಪಾಗುತ್ತದೆ. ಅದಕ್ಕೇ ಈ ಕತೆಯನ್ನು ಅವಳು ಯಾರಿಗೂ ಹೇಳಿಲ್ಲ, ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ಅವಳು ಹೊನ್ನಾವರದ ಪಕ್ಕದ ಕಾಸರಕೋಡದ ಬೊಮ್ಮನ ಮಗಳು. ಬೊಮ್ಮ ದೋಣಿಗೆ ಹೋಗುವವನು. ಯಾವ ಗುಡ್ಡದ ತುದಿ ಯಾವ ತೆಂಗಿನ ಸಾಲಿನ ನೇರಕ್ಕೆ ಬಂದರೆ ನೀರಿನಡಿ ಬಂಡೆ ಇದೆ, ಎಲ್ಲಿ ಬಲೆ ಬಿಡಬಹುದು ಎಂಬ ಗುರುತೆಲ್ಲ ಅವನ ತಲೆಯಲ್ಲಿತ್ತು. ಮಗಳು ತಲೆಯನ್ನು ನಂಬುತ್ತಿರಲಿಲ್ಲ, ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಪಿಯುಸಿ ಮುಗಿಸಿ, ಕಂಪ್ಯೂಟರ್ ಕ್ಲಾಸು ಮಾಡಿ, ೨೦೦೧ರಲ್ಲಿ ಹೊನ್ನಾವರದ ಗುರುದತ್ತನ ಇಂಟರ್‌ನೆಟ್ ಸೆಂಟರಿಗೆ ಕೆಲಸಕ್ಕೆ ಸೇರಿದಳು. ಪಕ್ಕದ ಜೆರಾಕ್ಸ್ ಅಂಗಡಿ ನನ್ನದು. ನಡುವೆ ಬರೀ ಪ್ಲೈವುಡ್ ಗೋಡೆ, ಆ ಕಡೆ ಕೆಮ್ಮಿದರೂ ಈ ಕಡೆ ಕೇಳುತ್ತಿತ್ತು.

ನೆಟ್ ನಿಂತರೆ ಬೇರೆಯವರು ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡುತ್ತಿದ್ದರು. ಸುಚಿತಾ ಮೊದಲು ವಯರು ನೋಡುತ್ತಿದ್ದಳು, ಆಮೇಲೆ ಫೋನ್ ಲೈನು, ಆಮೇಲೆ ಕಪ್ಪು ಪರದೆ ತೆರೆದು ದೂರದ ಯಾವುದೋ ಕಂಪ್ಯೂಟರನ್ನು ಅದರ ನಂಬರು ಹಾಕಿ ಕರೆಯುತ್ತಿದ್ದಳು. ನಂಬರಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಲೈನು ಸರಿಯಿದೆ ಅಂತ ಅರ್ಥ. ನಾವು ಟೈಪ್ ಮಾಡುವ ಹೆಸರಿಗೆ ನಂಬರು ಹುಡುಕಿಕೊಡುವ ಒಂದು ಕಂಪ್ಯೂಟರು ನೆಟ್ ಕಂಪನಿಯವರ ಹತ್ತಿರ ಇರುತ್ತದಂತೆ. ಅದಕ್ಕೂ ಒಂದು ನಂಬರು. ನಮ್ಮ ಪ್ರತಿ ಕಂಪ್ಯೂಟರಿನಲ್ಲೂ ಒಂದು ಖಾನೆಯಲ್ಲಿ ಅದನ್ನು ತುಂಬಿಸಿಡಬೇಕು. ಸುಚಿತಾಳ ನೋಟುಬುಕ್ಕಿನ ಮೊದಲ ಪುಟದಲ್ಲೇ ಅದಿತ್ತು.

ಆ ವರ್ಷ ಆಯುಧ ಪೂಜೆಯ ಮರುದಿನ, ಕಂಪ್ಯೂಟರಿಗೆ ಹಚ್ಚಿದ ಕುಂಕುಮ ಇನ್ನೂ ಒರೆಸಿರಲಿಲ್ಲ, ಸೆಂಟರಿನ ಆರು ಕಂಪ್ಯೂಟರಿನಲ್ಲಿ ಒಂದರಲ್ಲೂ ಏನೂ ತೆರೆಯಲಿಲ್ಲ. ನಂಬರಿಗೆ ಉತ್ತರ ಬರುತ್ತಿತ್ತು, ಹೆಸರಿಗೆ ಇಲ್ಲ. ಸುಚಿತಾ ಆ ಖಾನೆ ತೆರೆದು ನೋಡಿದರೆ ಕೊನೆಯ ಅಂಕಿ ಮೂರಿದ್ದಲ್ಲಿ ನಾಲ್ಕು ಕೂತಿತ್ತು. ತಾರೀಖಿನ ಸಮೇತ ಅದನ್ನು ಬರೆದುಕೊಂಡು, ಅಣ್ಣಾ, ಇದನ್ನು ಯಾರೋ ಬದಲಿಸಿದ್ದಾರೆ ಅನ್ನುವಷ್ಟರಲ್ಲಿ ಗುರುದತ್ತ ಹಾರಿಬಿದ್ದ. ಕಾದು ಕೂತ ಗಿರಾಕಿಗಳೆಲ್ಲ ಕೇಳುವಂತೆ ಹೇಳಿದ:

"ಮೀನಿನ ಕೈಯಲ್ಲಿ ಕಂಪ್ಯೂಟರ್ ಮುಟ್ಟಿದ್ರೆ ಮತ್ತೆಂತ ಆಗ್ತದೆ? ನಡಿ ಹೊರಗೆ."

ಅವಳು ನೋಟುಬುಕ್ಕು ಎತ್ತಿಕೊಂಡು ಹೋದಳು. ಕುಮಟಾದಿಂದ ಮೆಕ್ಯಾನಿಕ್ಕು ಬಂದು ಎಲ್ಲ ಅಳಿಸಿ ಕಂಪನಿಯ ನಂಬರು ಸಮೇತ ಹೊಸದಾಗಿ ಹಾಕಿದ, ನೆಟ್ ಬಂತು. ಹುಡುಗಿ ಹೋದಳು, ನೆಟ್ ಬಂತು ಅಂತ ಗುರುದತ್ತ ಊರೂರಿಗೆ ಹೇಳಿಕೊಂಡು ಬಂದ. ಭಟ್ಕಳದಲ್ಲಿ ಕೆಲಸ ಕೇಳಿದರೂ, ಕುಮಟಾದಲ್ಲಿ ಕೇಳಿದರೂ, ಕಂಪ್ಯೂಟರ್ ಕೆಡಿಸಿದವಳು ನೀನೇ ಅಲ್ಲವಾ ಅನ್ನುತ್ತಿದ್ದರು. ಎರಡು ವರ್ಷ ಅವಳು ಅಮ್ಮನ ಜೊತೆ ಕಾಸರಕೋಡದ ಮರಳಿನಲ್ಲಿ ಮೀನು ಒಣಗಿಸಿದಳು. ನಾನೂ ಅಂದು ಪ್ಲೈವುಡ್ಡಿನ ಈ ಕಡೆ ಬಾಯಿ ಮುಚ್ಚಿಕೊಂಡೇ ಇದ್ದೆ, ಯಾಕೆಂದರೆ ನನ್ನ ಅಂಗಡಿ ಇದ್ದ ಕಟ್ಟಡದ ಮಾಲಿಕನೂ ಅವನೇ. ಆ ನಾಚಿಕೆ ನನಗೆ ಇನ್ನೂ ಹೋಗಿಲ್ಲ.

ಕಡೆಗೆ ಕುಮಟಾದಲ್ಲಿ ನೆಟ್ ಕಂಪನಿಯ ಪರವಾಗಿ ರಿಪೇರಿ ಕಂಪ್ಲೇಂಟು ನೋಡಿಕೊಳ್ಳುತ್ತಿದ್ದ ಅನಂತಮೂರ್ತಿಯವರು ಹಳೆಯ ಸುದ್ದಿ ಕೇಳಲಿಲ್ಲ. ನೋಟುಬುಕ್ಕು ತಿರುವಿ ನೋಡಿ ಕೆಲಸ ಕೊಟ್ಟರು.

೨೦೦೬ರ ಮೇ ತಿಂಗಳು. ಗುರುದತ್ತನ ಸೆಂಟರು ಹನ್ನೆರಡು ಕಂಪ್ಯೂಟರಿನದಾಗಿತ್ತು, ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಅದೇ ಕಂಪನಿ, ಖಾನೆಯಲ್ಲಿ ತುಂಬಿಸುವುದು ಅದೇ ನಂಬರು. ಪಿಯುಸಿ ರಿಸಲ್ಟಿನ ದಿನ ಮೆಟ್ಟಿಲಿನವರೆಗೆ ಮಕ್ಕಳು, ತಂದೆತಾಯಿ ತುಂಬಿದ್ದರು, ಒಂದು ಕಂಪ್ಯೂಟರೂ ತೆರೆಯಲಿಲ್ಲ. ಗುರುದತ್ತ ಕುಮಟಾಕ್ಕೆ ಮೇಲಿಂದ ಮೇಲೆ ಫೋನ್ ಹಚ್ಚಿದ. ಬಸ್ಸಿಂದ ಇಳಿದು ಬಂದವಳು ಸುಚಿತಾ.

ಅವನ ಮುಖ ನೋಡಬೇಕಿತ್ತು. ತಂಗಿ, ಬೇಗ ನೋಡು, ಮಕ್ಕಳು ಕಾಯ್ತಾ ಇದ್ದಾರೆ ಅಂದ. ಅವನ ಬಾಯಲ್ಲಿ ತಂಗಿ ಅನ್ನುವ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಅಣ್ಣ ಅನ್ನಲಿಲ್ಲ. ನಿಂತಲ್ಲಿಂದಲೇ ಯಾವುದನ್ನು ತೆರೆಯಬೇಕು, ಎಲ್ಲಿ ಒತ್ತಬೇಕು ಅಂತ ಅವನಿಗೇ ಹೇಳಿದಳು. ಖಾನೆ ತೆರೆಯಿತು. ಕಂಪನಿಯ ಚೀಟಿಯನ್ನು ಅವನ ಮುಂದೆ ಇಟ್ಟು, ಎರಡೂ ನಂಬರನ್ನು ಎಲ್ಲರಿಗೂ ಕೇಳುವಂತೆ ಓದಲು ಹೇಳಿದಳು. ಚೀಟಿಯಲ್ಲಿ ಕೊನೆಗೆ ಮೂರು, ಖಾನೆಯಲ್ಲಿ ನಾಲ್ಕು.

ಬದಲಿಸಿದ್ದು ಯಾರು ಅಂತ ಕೇಳಿದಳು. ತಾನೇ ಅಂದ. ಕಂಪನಿ ಕೊಟ್ಟ ನಂಬರಿನ ಅಂಕಿಗಳನ್ನೆಲ್ಲ ಕೂಡಿದರೆ ಎಂಟು ಬರುತ್ತದೆ, ಎಂಟು ತನಗೆ ಆಗುವುದಿಲ್ಲ ಅಂತ ಜೋಯಿಸರು ಹೇಳಿದ್ದರಂತೆ. ಬೈಕಿನ ನಂಬರನ್ನೂ ಒಂಬತ್ತು ಬರುವಂತೆ ಹುಡುಕಿ ತೆಗೆದುಕೊಂಡ ಮನುಷ್ಯ! ರಿಸಲ್ಟಿನ ದಿನ ಒಳ್ಳೆಯದಾಗಲಿ ಅಂತ ಹಿಂದಿನ ದಿನ ಹನ್ನೆರಡರಲ್ಲೂ ಮೂರನ್ನು ನಾಲ್ಕು ಮಾಡಿಟ್ಟಿದ್ದ. ಸುಚಿತಾ ಹಳೆಯ ನೋಟುಬುಕ್ಕು ತೆಗೆದು ೨೦೦೧ರ ಪುಟ ತೋರಿಸಿದಳು. ಅದನ್ನೂ ಓದಿಸಿದಳು. ಆಯುಧ ಪೂಜೆಯ ದಿನವೂ ಕೈ ಹಾಕಿದ್ದು ತಾನೇ ಅಂತ ಒಪ್ಪಿಕೊಳ್ಳುವಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಮಕ್ಕಳ ಬಾಯಿ ಒಣಗಿತ್ತು, ಯಾರೋ ತಾಯಿ ಬೇಗ ಮಾಡ್ರೋ ಅಂತ ಕೂಗುತ್ತಿದ್ದಳು. ಸುಚಿತಾಳಿಗೆ ಕನಿಕರ ಬರಲಿಲ್ಲ, ನಿಜ ಹೇಳುತ್ತೇನೆ, ನನಗೂ ಬರಲಿಲ್ಲ.

"ಆತು ಮಾರಾಯ್ತಿ, ತಪ್ಪಾಯ್ತು. ಈಗ ಸರಿ ಮಾಡು," ಅಂದ ಗುರುದತ್ತ.

"ನಾ ಮುಟ್ಟೂದಿಲ್ಲ. ನಂದು ಮೀನಿನ ಕೈ. ನೀವೇ ಒತ್ತಿ."

ಕೈಕಟ್ಟಿ ನಿಂತು ಅವಳು ಹೇಳಿದಳು, ಅವನು ಬಗ್ಗಿ ಒತ್ತಿದ. ಮೊದಲನೆಯದರಲ್ಲೇ ರಿಸಲ್ಟು ತೆರೆಯಿತು, ಆದರೂ ಹನ್ನೆರಡನೆಯದರವರೆಗೆ ಅವನನ್ನು ಬಿಡಲಿಲ್ಲ. ತನಗಾಗದ ಎಂಟನ್ನು ತರುವ ಆ ಮೂರನ್ನು ಅವನೇ ತನ್ನ ಬೆರಳಿನಿಂದ ಹನ್ನೆರಡು ಸಲ ಒತ್ತಿದ. ಆಮೇಲೆ ಕಂಪ್ಲೇಂಟು ಫಾರಮಿನಲ್ಲಿ, ಕಾರಣ ಎಂಬಲ್ಲಿ, ಎರಡೂ ಸಲದ ತಾರೀಖು ಹಾಕಿಸಿ, ನಾನೇ ಬದಲಿಸಿದ್ದು ಅಂತ ಅವನ ಕೈಯಿಂದಲೇ ಬರೆಸಿ ಸಹಿ ಮಾಡಿಸಿಕೊಂಡಳು.

ಆ ಫಾರಮು ಹಿಡಿದು ನನ್ನ ಅಂಗಡಿಗೆ ಬಂದಳು. ಎಷ್ಟು ಕಾಪಿ ಬೇಕು ಅಂತ ಕೇಳಿದೆ.

"ಭಟ್ಕಳದಿಂದ ಕುಮಟಾದವರೆಗೆ ಎಷ್ಟು ಸೆಂಟರುಂಟು ಮಾಲತಕ್ಕ?"

ಹದಿನಾಲ್ಕು ಅಂದೆ. ಹದಿನೈದು ತೆಗೆದೆ. ಒಂದನ್ನು ನನ್ನ ಅಂಗಡಿಯ ಗಾಜಿಗೆ, ಗುರುದತ್ತ ದಿನಾ ಬೈಕು ನಿಲ್ಲಿಸುವ ಜಾಗಕ್ಕೆ ಎದುರಾಗಿ ಅಂಟಿಸಿದೆ.