ಹಾಡಿನ ಹಿಂದಿನ ಮನೆ

ಸಿಂದಗಿಯ ನಮ್ಮ ಓಣಿಯಲ್ಲಿ ಕುಪ್ಪಸ ಹೊಲಿಸುವವರೆಲ್ಲ ಜನ್ನತಬಿಯ ಮನೆಗೇ ಹೋಗುತ್ತಾರೆ. ನಾನು ರೇಣವ್ವ, ಅವಳ ಮನೆಯ ಗೋಡೆಗೆ ಹತ್ತಿಕೊಂಡ ಮನೆಯವಳು. ಹೋದ ವರ್ಷ ತವರೂರು ಇಂಡಿಯಲ್ಲಿ ಅವಳ ತಾಯಿ ರಾಜಬಿ ತೀರಿಕೊಂಡ ಮೇಲೆ ಆ ಮನೆಯಿಂದ ಹೊಲಿಗೆ ಮಷಿನ್ನಿನ ಸಪ್ಪಳದ ಜೊತೆ ಇಂಗ್ಲಿಷ್ ಹಾಡು ಕೇಳತೊಡಗಿತು. ಡ್ರಮ್ಮಿನ ಹೊಡೆತ, ಕಿರುಚುವ ಗಿಟಾರು, ಗಂಟಲು ಹರಿಯುವಂತೆ ಕೂಗುವ ಗಂಡಸು. ಐವತ್ತು ದಾಟಿದ, ತಲೆಯ ಮೇಲಿನ ಸೆರಗು ಎಂದೂ ಜಾರಗೊಡದ ಹೆಂಗಸು ಇದನ್ನೇಕೆ ಕೇಳುತ್ತಾಳೆಂದು ಓಣಿಗೆಲ್ಲ ಸೋಜಿಗ.

“ಅಕ್ಕಾ, ಈ ಹಾಡು ನಿಮಗ ತಿಳೀತಾವೇನ್ರಿ?” ಅಂತ ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ.

“ಒಂದು ಅಕ್ಷರ ತಿಳಿಯೂದಿಲ್ಲ.” ಹಲ್ಲಿನಿಂದ ದಾರ ಕಡಿದು ಅವಳು ಹಳೆಯ ಟೇಪ್ ರಿಕಾರ್ಡರನ್ನು ಹತ್ತಿರ ಎಳೆದಳು. “ಇಲ್ಲಿ ಕೂಡ್ರು. ಹಾಡು ಕೇಳಬ್ಯಾಡ. ಹಾಡಿನ ಹಿಂದ ಕೇಳು.”

ಮೊದಲು ಏನೂ ತಿಳಿಯಲಿಲ್ಲ. ತಬಲಾ, ಗಿಟಾರು, ಸ್ಯಾಕ್ಸೊಫೋನು ಒಂದರೊಳಗೊಂದು ಹೊಕ್ಕು ಹೊರಡುತ್ತಿದ್ದವು. ಆಮೇಲೆ ಅವುಗಳ ಕೆಳಗೆ ಯಾರೋ ಎಣ್ಣೆಯ ಡಬ್ಬಿ ಬಾರಿಸುವುದು ಕೇಳಿತು. ಬಾವಿಯ ಗಾಲಿ ಕಿರ್ರೆಂದಿತು. ಮಳೆ ಸುರಿದಂತೆ ಒಂದು ಸದ್ದು. ಅದು ಅವಳ ಅಪ್ಪ ಲಿಂಬಿಹಣ್ಣಿನ ಚೀಲ ನೆಲಕ್ಕೆ ಸುರುವಿದ್ದು ಅಂತ ಆಮೇಲೆ ಅವಳೇ ಹೇಳಿದಳು. ಸ್ಯಾಕ್ಸೊಫೋನು ಏರುತ್ತಿದ್ದ ಹೊತ್ತಿಗೆ ಸರಿಯಾಗಿ ಒಬ್ಬ ಹೆಣ್ಣುಮಗಳು ಕೂಗಿದಳು: “ಅಯೂಬಾ, ಉಣ್ಣಾಕ ಬಾ!” ಡಬ್ಬಿ ನಿಲ್ಲಲಿಲ್ಲ. ಒಬ್ಬ ಹುಡುಗ ನಕ್ಕ.

“ಅದು ನಮ್ಮಮ್ಮ,” ಅಂದಳು ಜನ್ನತಬಿ. “ಈ ದನಿಯೊಳಗ ಆಕಿ ನನಕಿಂತ ಸಣ್ಣಾಕಿ ಅದಾಳ.”

ನಾನು ಕಿವಿ ಇನ್ನಷ್ಟು ಹತ್ತಿರ ಒಯ್ದೆ.

ಅಯೂಬ ಅವಳ ಅಣ್ಣ. ಎಂಬತ್ತರ ದಶಕದ ಶುರುವಿನಲ್ಲಿ ಇಂಡಿಯ ಡಾಕ್ಟರ್ ಶ್ರೀಶೈಲಪ್ಪನವರ ದವಾಖಾನೆಯಲ್ಲಿ ಕೆಲಸಕ್ಕಿದ್ದ. ಮುಂಬಯಿಯಲ್ಲಿ ಓದಿ ಬಂದಿದ್ದ ಡಾಕ್ಟರಿಗೆ ಪಾಪ್, ರಾಕ್, ಜಾಝ್ ರಿಕಾರ್ಡುಗಳ ಹುಚ್ಚು. ಆ ಹುಚ್ಚು ಅಯೂಬನಿಗೂ ಹತ್ತಿತು. ಡಾಕ್ಟರು ಊರಿಗೆ ಹೋದಾಗಲೆಲ್ಲ ಅವರ ರಿಕಾರ್ಡು, ಪ್ಲೇಯರು ಕೇಳಿ ಪಡೆದು ತಂದು, ತನ್ನ ಮನೆಯ ಪಡಸಾಲೆಯಲ್ಲಿಟ್ಟು, ಅದರೆದುರು ಟೇಪ್ ರಿಕಾರ್ಡರ್ ಇಟ್ಟು ಹಾಡು ಹಿಡಿಯುತ್ತಿದ್ದ. ಹೀಗಾಗಿ ಹಾಡಿನ ಜೊತೆ ಮನೆಯೂ ಟೇಪಿನೊಳಗೆ ಹೋಯಿತು. ಒಂದು ದಿನ ಮನೆ ಬಿಟ್ಟು ಹೋದವನು ಮತ್ತೆ ಬರಲಿಲ್ಲ. ಚಡಚಣ ದಾಟಿ ಸೋಲಾಪುರದ ಯಾವುದೋ ಆರ್ಕೆಸ್ಟ್ರಾ ಸೇರಿದ ಅಂದರು. ಅಪ್ಪ ಹೋಗಿ ಹುಡುಕಿದ, ಅಂಥವನು ಅಲ್ಲಿಗೆ ಬಂದೇ ಇರಲಿಲ್ಲ. ರಾಜಬಿ ಕ್ಯಾಸೆಟ್ಟುಗಳನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಸತ್ತ ಮೇಲೆಯೇ ಆ ಟ್ರಂಕು ಮಗಳ ಕೈಗೆ ಬಂದದ್ದು.

ಜನ್ನತಬಿಯ ಮಗಳು ಬುಶ್ರಾ ಮುದ್ದೇಬಿಹಾಳದ ಒಂದು ಔಷಧಿ ಅಂಗಡಿಯಲ್ಲಿದ್ದಾಳೆ. ಒಂದು ರವಿವಾರ ಬಂದವಳು ಆ ತಬಲಾ, ಸ್ಯಾಕ್ಸೊಫೋನಿನ ಹಾಡನ್ನೇ ಮೊಬೈಲಿನಲ್ಲಿ ಹುಡುಕಿ ತೆಗೆದಳು. “ಅಮ್ಮೀ, ನೋಡು, ಎಷ್ಟು ಸ್ವಚ್ಛ ಕೇಳ್ತೈತಿ!”

ನಿಜ, ಗಾಜಿನಂತೆ ಕೇಳುತ್ತಿತ್ತು. ಜನ್ನತಬಿ ಮಷಿನ್ನು ನಿಲ್ಲಿಸಿ ಕೇಳಿದಳು. ಸ್ಯಾಕ್ಸೊಫೋನು ಏರತೊಡಗಿದಾಗ ಅವಳು ತಲೆ ಎತ್ತಿ ಕಾದಳು. ನಾನೂ ಕಾದೆ. ಯಾರೂ ಕೂಗಲಿಲ್ಲ. ಅಲ್ಲಿ ಬರೀ ಬಾಜಾ ಇತ್ತು.

“ಬಂದ್ ಮಾಡು,” ಅಂದಳು. “ಈ ಮನ್ಯಾಗ ಯಾರೂ ಇಲ್ಲ.”

ಮಳೆಗಾಲ ಮುಗಿಯುವ ಹೊತ್ತಿಗೆ ಟೇಪು ಎಳೆಯತೊಡಗಿತು. ರಾಜಬಿಯ ಕೂಗು ಗಂಡಸಿನ ನರಳಾಟದಂತೆ ಕೇಳುತ್ತಿತ್ತು. ಕಡೆಯ ಭಾಗದಲ್ಲಂತೂ ರೀಲು ಸಿಕ್ಕಿಕೊಂಡೇ ಬಿಡುತ್ತಿತ್ತು, ಅದರಾಚೆ ಏನಿದೆಯೋ ಯಾರೂ ಕೇಳಿರಲಿಲ್ಲ. ಬುಶ್ರಾ ಅದನ್ನು ವಿಜಯಪುರಕ್ಕೆ ಒಯ್ದು, ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ನಿಯಾಜ ಎಂಬವನಿಗೆ ಕೊಟ್ಟಳು. ವಾರದ ಮೇಲೆ ಪೆನ್‌ಡ್ರೈವ್ ತಂದಳು. ಹಚ್ಚಿದೆವು. ಹಾಡಷ್ಟೇ ಇತ್ತು. ಡಬ್ಬಿ ಇಲ್ಲ, ಗಾಲಿ ಇಲ್ಲ. ತಾಯಿಯ ಕೂಗಿದ್ದಲ್ಲಿ ನೀರೊಳಗೆ ಏನೋ ಮುಳುಗಿದಂತೆ ಒಂದು ಗುಳುಗುಳು. ಅಷ್ಟೇ.

“ಅಮ್ಮ ಎಲ್ಲಿ?” ಅಂದಳು ಜನ್ನತಬಿ. ಎಳೆ ಹುಡುಗಿಯಂತೆ ಕೇಳಿದಳು.

ಬುಶ್ರಾ ಅಲ್ಲೇ ನಿಂತು ಫೋನು ಮಾಡಿದಳು. “ಗದ್ದಲ ಭಾಳ ಇತ್ರಿ,” ಅಂದ ನಿಯಾಜ, “ಎಲ್ಲಾ ತಗದೇನಿ.” ಒಳ್ಳೆಯದು ಮಾಡಿದೆನೆಂದೇ ಅವನು ತಿಳಿದಿದ್ದ. ಆ ಗದ್ದಲದೊಳಗೇ ಅಜ್ಜಿಯ ದನಿ ಇತ್ತೆಂದು ಬುಶ್ರಾ ಅಳುತ್ತ ಹೇಳಿದಳು. “ತಪ್ಪಾತ್ರಿ. ತಗಿಯೂಕಿಂತ ಮೊದಲಿಂದು ಹಂಗ ಇಟ್ಟೇನಿ, ಈಗ ಕಳಸ್ತೇನಿ.”

ಅದು ಮೊಬೈಲಿಗೆ ಬಂದಾಗ ಮೂವರೂ ಹೊಸ್ತಿಲ ಹತ್ತಿರ ಬಿಸಿಲಲ್ಲಿ ಕೂತೆವು. ಡಬ್ಬಿ ಬಂತು, ಗಾಲಿ ಬಂತು, ರಾಜಬಿ ಕೂಗಿದಳು. ಜನ್ನತಬಿ ಕಣ್ಣೊರೆಸಿಕೊಂಡಳು. ನಿಯಾಜ ಸಿಕ್ಕಿದ್ದ ರೀಲನ್ನೂ ಬಿಡಿಸಿದ್ದ. ಹಾಡು ಮುಗಿದರೂ ಟೇಪು ಮುಗಿಯಲಿಲ್ಲ. ರಿಕಾರ್ಡಿನ ಮೇಲೆ ಮುಳ್ಳು ಸುಮ್ಮನೆ ಸುತ್ತುವ ಖರಖರ. ಅದರೊಳಗೆ ಒಂದು ಪುಟ್ಟ ಹುಡುಗಿಯ ದನಿ.

“ಭಾಯಿ, ಎಲ್ಲಿ ಹೊಂಟಿ?”

“ಇಲ್ಲೇ.”

“ನಾನೂ ಬರ್ತೇನಿ.”

“ಬ್ಯಾಡ. ಇದನ್ನ ಬಂದ್ ಮಾಡಬ್ಯಾಡ ಮತ್ತ. ತಾನಾಗೇ ನಿಲ್ತೈತಿ.”

ಬಾಗಿಲ ಅಗಳಿ ಸರಿದ ಸಪ್ಪಳ. ಮತ್ತೆ ಖರಖರ. ಹುಡುಗಿ ಒಬ್ಬಳೇ ಏನೋ ಗುನುಗಿಕೊಂಡಳು. ಆಮೇಲೆ ಟೇಪು ನಿಂತಿತು.

ಬುಶ್ರಾ ತಾಯಿಯ ತೋಳು ಹಿಡಿದಳು. ಜನ್ನತಬಿ ನನ್ನ ಕಡೆ ತಿರುಗಿದಳು.

“ನಮ್ಮಮ್ಮ ಸಾಯೂತನಕ ನನಗ ಒಂದ ಮಾತು ಕೇಳಿದ್ಲು ರೇಣವ್ವಾ. ಆ ದಿನಾ ಮನ್ಯಾಗ ನೀ ಒಬ್ಬಾಕೇ ಇದ್ದಿ, ಹೋಗುವಾಗ ಅಂವ ಏನಂದಾ ಅಂತ. ನನ್ನ ಮದುವಿ ದಿನಾನೂ ಕೇಳಿದ್ಲು. ನನಗ ನೆನಪಿಲ್ಲ ಅಂತಿದ್ದೆ. ಖರೇನ ನೆನಪಿದ್ದಿಲ್ಲ. ಈಗೂ ಇಲ್ಲ. ಅದು ನನ್ನ ದನಿ, ನನಗ ನೆನಪಿಲ್ಲ.”

“ಅದು ಆ ದಿನದ್ದ ಅಂತ ಹೆಂಗ ಹೇಳೂದ್ರಿ ಅಕ್ಕಾ? ಚಹಾ ಕುಡಿಯಾಕ ಹೋಗಿರಬಹುದು.”

“ಹೌದು. ಚಹಾಕ್ಕ ಹೋಗಿರಬಹುದು.” ಅವಳು ತಲೆಯಾಡಿಸಿದಳು. ಆದರೆ ಆ ಸಂಜೆ ಅವಳ ಮನೆಯಲ್ಲಿ ಒಲೆ ಹೊತ್ತಲಿಲ್ಲ. ನಾನೇ ರೊಟ್ಟಿ ಒಯ್ದು ಕೊಟ್ಟೆ.

ಮರುದಿನ ಮುಂಜಾನೆ ಇಂಡಿ ಬಸ್ಸು ಹಿಡಿದೆವು. ಕಬರಸ್ತಾನದೊಳಗೆ ಹೆಂಗಸರು ಹೋಗುವ ರೂಢಿಯಿಲ್ಲ; ಗೋಡೆಯಾಚೆ, ಬೇವಿನ ಗಿಡದ ಬುಡದಲ್ಲಿ ರಾಜಬಿಯ ಗೋರಿ ಕಾಣುತ್ತಿತ್ತು. ಬುಶ್ರಾ ಮೊಬೈಲು ಮುಂದೆ ಮಾಡಿದಳು. ಜನ್ನತಬಿ ಅದನ್ನು ಸರಿಸಿ, ಗೋಡೆಗೆ ಎರಡೂ ಕೈ ಊರಿ, ಒಳಕೋಣೆಯಲ್ಲಿದ್ದವಳಿಗೆ ಹೇಳುವಂತೆ ಹೇಳಿದಳು: “ಅಮ್ಮಾ, ‘ಇಲ್ಲೇ’ ಅಂದಾನ. ನಾ ಕೇಳಿದ್ದೆ. ಅಂವ ‘ಇಲ್ಲೇ’ ಅಂದಾನ.”

ಗಾಳಿ ಇರಲಿಲ್ಲ. ದಾರಿಯ ಮೇಲೆ ಒಂದು ಟೆಂಪೊ ಹಾರ್ನ್ ಹೊಡೆಯುತ್ತ ಹೋಯಿತು. ಜನ್ನತಬಿ ಅದು ಮರೆಯಾಗುವವರೆಗೆ ಅದನ್ನೇ ನೋಡುತ್ತಿದ್ದಳು.

ಈಗ ಅವಳು ಆ ಕಾಲದ ಬೇರೆ ಹಾಡುಗಳನ್ನೂ ಬುಶ್ರಾಳ ಕಡೆಯಿಂದ ಹಾಕಿಸಿಕೊಂಡು ಕೇಳುತ್ತಾಳೆ. ಮೊನ್ನೆ ನಾನು ಹೋದಾಗ ಒಂದು ರಾಕ್ ಹಾಡು ನಡೆದಿತ್ತು, ದೊಡ್ಡ ಮೈದಾನದಲ್ಲಿ ಜನರೆದುರು ಹಾಡಿದ್ದು. ಗದ್ದಲದ ನಡುವೆ ಒಬ್ಬಳು ಯಾರದೋ ಹೆಸರು ಹಿಡಿದು ಕೂಗಿದಳು. ಜನ್ನತಬಿ ಹಾಡನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳಿದಳು, ಇನ್ನೊಮ್ಮೆ ಕೇಳಿದಳು.

“ಆಕಿ ಕೂಗಿದ್ದು ಅವಗ ಕೇಳಿರಬೇಕಲ್ಲ ರೇಣವ್ವಾ?” ಅಂದಳು.

“ಕೇಳಿರತೈತಿ ಬಿಡ್ರಿ,” ಅಂದೆ ನಾನು. ಅವಳು ಕುಪ್ಪಸದ ತೋಳು ಮಷಿನ್ನಿನ ಕೆಳಗೆ ಸರಿಸಿ ತುಳಿಯತೊಡಗಿದಳು.