ಮೊಬೈಲಿಗೆ ಗೊತ್ತಿಲ್ಲದ ಬೊಂಡ

ನಾನು ತಂತ್ರಜ್ಞಾನದ ತಜ್ಞೆಯಾದದ್ದು ಒಂದು ರೈಲು ಟಿಕೆಟಿನ ದೆಸೆಯಿಂದ. ನಮ್ಮ ಶಿಕ್ಷಕ ತರಬೇತಿ ಸಂಸ್ಥೆಯ ಪ್ರಾಂಶುಪಾಲರಿಗೆ ತುರ್ತಾಗಿ ಎಲ್ಲಿಗೋ ಹೋಗಬೇಕಿತ್ತು. ನನ್ನ ಮೊಬೈಲಿನಲ್ಲೇ ಟಿಕೆಟ್ ಮಾಡಿಕೊಟ್ಟೆ. ಮುಂದಿನ ವಾರದ ಸಭೆಯಲ್ಲಿ, ನಾಳೆ ಪ್ರಾಥಮಿಕ ಶಾಲೆಗಳಿಗೆ ಟೀಚರಾಗಿ ಹೋಗುವ ನಮ್ಮ ವಿದ್ಯಾರ್ಥಿನಿಯರಿಗೆ ತರಗತಿಯಲ್ಲಿ ತಂತ್ರಜ್ಞಾನ ಬಳಸುವುದನ್ನು ಯಾರು ಕಲಿಸಬೇಕು ಎಂಬ ಮಾತು ಬಂತು. ಪ್ರಾಂಶುಪಾಲರು ನನ್ನ ಕಡೆ ನೋಡಿ, "ನಮ್ಮಲ್ಲೇ ಜನ ಉಂಟಲ್ಲ ಮಾರಾಯ್ರೆ" ಎಂದರು. ಅಲ್ಲಿಯವರೆಗೆ ಇಪ್ಪತ್ತು ವರ್ಷ ಕನ್ನಡ ಬೋಧನೆಯ ವಿಧಾನ ಕಲಿಸುತ್ತಿದ್ದವಳು ನಾನು. ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಸುಳ್ಳೇಕೆ, ಒಳಗೊಳಗೆ ಹೆಮ್ಮೆಯೇ ಆಗಿತ್ತು.

ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾವಾಗಲೂ ಬೇರೆ ಯಾರದೋ ಚೀಲದಲ್ಲಿ ಇರುತ್ತಿದ್ದುದರಿಂದ ಮೊದಲ ತಿಂಗಳು ಕೀಬೋರ್ಡನ್ನು ಕರಿಹಲಗೆಯ ಮೇಲೆ ಬಿಡಿಸಿ ಕಲಿಸಿದೆ. ಹುಡುಗಿಯರು ಸ್ಕೇಲು ಹಿಡಿದು ಅದನ್ನು ನೋಟ್ಸಿಗೆ ಇಳಿಸಿಕೊಂಡರು. ಪರೀಕ್ಷೆಯಲ್ಲಿ "ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಎಂದು ಐದು ಅಂಕದ ಪ್ರಶ್ನೆಯನ್ನೂ ಕೇಳಿದೆ. ಮೌಸಿಗೆ ಎರಡು ಕಿವಿ ಬರೆದವಳಿಗೆ ಅರ್ಧ ಅಂಕ ಕಳೆದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಯಾರಿಗೂ ನಷ್ಟವಿರಲಿಲ್ಲ. ನಾನೊಂದು ನಿಯಮ ತಂದೆ. ಪಾಠಯೋಜನೆಯ ಕೊನೆಯ ಕಾಲಮ್ಮಿನಲ್ಲಿ ತಂತ್ರಜ್ಞಾನದ ಬಳಕೆ ಇರಲೇಬೇಕು, ಇಲ್ಲದಿದ್ದರೆ ಆ ಪಾಠ ಪಾಸಿಲ್ಲ. ಹುಡುಗಿಯರು ಪಾಪ, ಎಲ್ಲದಕ್ಕೂ ಸ್ಲೈಡ್ ಮಾಡತೊಡಗಿದರು. ಒಬ್ಬಳು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ ಕತ್ತಲೆ ಮಾಡಿ ಪರದೆಯ ಮೇಲೆ ಕಾಗೆಯ ಚಿತ್ರ ತೋರಿಸಿದಳು. ಮುಚ್ಚಿದ ಕಿಟಕಿಯ ಆಚೆ ನಿಜವಾದ ಕಾಗೆ ಪಾಠ ಮುಗಿಯುವ ತನಕ ಕೂಗುತ್ತಿತ್ತು. ಅವಳಿಗೆ ಪೂರ್ತಿ ಅಂಕ ಕೊಟ್ಟವಳು ನಾನೇ.

ಆ ವರ್ಷ ಮಂಗಳೂರಿನ ಕುದ್ರೋಳಿಯಿಂದ ಬರುತ್ತಿದ್ದ ಒಬ್ಬಳು ವಿದ್ಯಾರ್ಥಿನಿ ಇದ್ದಳು. ತಂದೆಗೆ ಅಲ್ಲೇ ಚಪ್ಪಲಿಯ ಅಂಗಡಿ, ಮನೆಯ ಮಾತು ಬ್ಯಾರಿ. ನಮ್ಮ ಮುಂದೆ ಮಾತು ಕಡಿಮೆ, ಮಕ್ಕಳ ಮುಂದೆ ನಿಂತರೆ ಬೇರೆಯೇ ಹುಡುಗಿ. ಅಂತಿಮ ಪಾಠದಲ್ಲಿ ಬರೀ ಕೈಬೆರಳುಗಳಲ್ಲಿ ಕತೆ ಹೇಳಿ ಮೂವತ್ತು ಮಕ್ಕಳನ್ನು ಹಿಡಿದಿಟ್ಟಿದ್ದಳು. ಕೊನೆಯ ಕಾಲಮ್ಮು ಮಾತ್ರ ಖಾಲಿ. ನಾನು ಸೊನ್ನೆ ಹಾಕಿದೆ. ನಿಯಮ ಎಂದರೆ ನಿಯಮ. ಅವಳಿಗೆ ಇನ್ನೊಂದೇ ಅವಕಾಶ ಇತ್ತು. ಅದೂ ಹೋದರೆ ಒಂದು ವರ್ಷ ಹೋದಂತೆಯೇ.

"ಮೇಡಂ, ಸ್ಲೈಡೇ ಆಗಬೇಕಾ? ಮೊಬೈಲ್ ಆಗ್ತದಾ?" ಎಂದು ಕೇಳಿದಳು.

"ಆಗ್ತದೆ, ಆದರೆ ಪ್ರಯೋಜನ ಕಾಣಬೇಕು" ಎಂದೆ. ಆ ಮಾತು ಎಷ್ಟು ತೂಕವಾಗಿ ಬಂತೆಂದರೆ ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ಎರಡನೆಯ ಪಾಠ ನಂತೂರಿನ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ, ಮೂರನೆಯ ತರಗತಿಗೆ. ಹೆದ್ದಾರಿಯಲ್ಲಿ ಲಾರಿ ಹಾರ್ನ್ ಹೊಡೆದಾಗಲೆಲ್ಲ ಆ ಶಾಲೆಯ ಟೀಚರುಗಳು ಅರ್ಧ ವಾಕ್ಯಕ್ಕೆ ನಿಂತು, ಹಾರ್ನ್ ಮುಗಿದ ಮೇಲೆ ಉಳಿದರ್ಧ ಹೇಳುತ್ತಾರೆ. ನಾನು ವೀಕ್ಷಣಾ ಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತಿದ್ದೆ.

ಪಾಠ ನಾವು ಕುಡಿಯುವ ಪಾನೀಯಗಳದ್ದು. ಅವಳು ಮೊಬೈಲನ್ನು ಪ್ರೊಜೆಕ್ಟರಿಗೆ ಜೋಡಿಸಿ ಮೇಜಿನ ಮೇಲೆ ಇಟ್ಟಿದ್ದಳು. ಮಕ್ಕಳು ಒಬ್ಬೊಬ್ಬರೇ ಬಂದು ಅದಕ್ಕೆ ಪಾನೀಯದ ಹೆಸರು ಹೇಳಬೇಕು, ಅದು ಹುಡುಕಿ ಗೋಡೆಯ ಮೇಲೆ ಚಿತ್ರ ತೋರಿಸಬೇಕು. ಮಜ್ಜಿಗೆ ಬಂತು, ಚಹಾ ಬಂತು. ಮೂರನೆಯ ಸಾಲಿನ ಒಬ್ಬಳು ಹುಡುಗಿ ಬಹಳ ಹೊತ್ತು ಲಂಗದ ತುದಿ ತಿರುಚುತ್ತಾ ಕುಳಿತಿದ್ದವಳು ಎದ್ದು ಬಂದು ಮೊಬೈಲಿಗೆ ಬಾಯಿ ತಾಗಿಸಿ ಹೇಳಿದಳು.

"ಬೊಂಡ."

ನಮ್ಮ ಮಂಗಳೂರಿನಲ್ಲಿ ಬೊಂಡ ಎಂದರೆ ಎಳನೀರು. ಮೊಬೈಲಿಗೆ ಅದೇನು ಗೊತ್ತು? ಗೋಡೆಯ ತುಂಬ ಎಣ್ಣೆಯಲ್ಲಿ ಕರಿದ, ಪಕ್ಕದಲ್ಲಿ ಚಟ್ನಿ ಇಟ್ಟುಕೊಂಡ ದುಂಡನೆಯ ಬೋಂಡಾಗಳು ಬಂದು ಕುಳಿತವು. ಮಕ್ಕಳು ಹೋ ಎಂದು ಬೆಂಚು ಬಡಿದರು. "ಟೀಚರ್, ಅದಲ್ಲ! ಅದು ತಿನ್ನುದು!"

ನಮ್ಮ ವಿದ್ಯಾರ್ಥಿನಿ ಗಾಬರಿಯಾಗಲಿಲ್ಲ. "ಮೊಬೈಲಿಗೆ ಗೊತ್ತಿಲ್ಲ ಮಕ್ಕಳೇ. ಅದು ಮಂಗಳೂರಿಗೆ ಬಂದೇ ಇಲ್ಲ. ನೀವೇ ಹೇಳಿಕೊಡಿ, ಬೊಂಡ ಅಂದ್ರೆ ಎಂತ?" ಎಂದಳು. ತರಗತಿಗೆ ತರಗತಿಯೇ ಎದ್ದು ನಿಂತಿತು. ಹಸಿರು ಉಂಟು, ಕತ್ತಿಯಲ್ಲಿ ಕೆತ್ತಬೇಕು, ಒಳಗೆ ನೀರು, ಆಮೇಲೆ ಗಂಜಿಯ ಹಾಗಿನ ತಿರುಳು. ಬೊಂಡ ಎಂದ ಹುಡುಗಿ ಎಲ್ಲರಿಗಿಂತ ಜೋರಾಗಿ, ಎರಡೂ ಕೈಯಲ್ಲಿ ಅದರ ಗಾತ್ರ ತೋರಿಸುತ್ತಿದ್ದಳು.

ಆಗ ನಾನು ಎದ್ದೆ. ಯಾಕೆ ಎದ್ದೆ ಎಂದು ಇಂದಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ವೀಕ್ಷಕರು ಪಾಠದ ನಡುವೆ ಬಾಯಿ ಹಾಕಬಾರದು ಎಂದು ಪ್ರತಿ ವರ್ಷ ಪಾಠ ಮಾಡುವವಳು ನಾನೇ. ನೇರ ಮುಂದೆ ಹೋಗಿ, "ಮಕ್ಕಳೇ, ಬೊಂಡ ಅಂತ ಹೇಳಬಾರದು. ಅದು ಶುದ್ಧ ಕನ್ನಡ ಅಲ್ಲ. ಎಳನೀರು ಅನ್ನಬೇಕು. ಈಗ ನೋಡಿ" ಎಂದು ಮೊಬೈಲನ್ನು ಎತ್ತಿಕೊಂಡು, ಆಕಾಶವಾಣಿಯ ದನಿಯಲ್ಲಿ "ಎಳನೀರು" ಎಂದೆ. ಏನೂ ಬರಲಿಲ್ಲ. ಇನ್ನೂ ಸ್ಪಷ್ಟವಾಗಿ ಹೇಳಿದೆ.

"ಟೀಚರ್, ಉಲ್ಟಾ ಹಿಡ್ದಿದ್ದೀರಿ" ಎಂದಿತು ಮುಂದಿನ ಬೆಂಚಿನ ಒಂದು ಮಗು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಎತ್ತಿದ್ದ ಕೈಗಳೆಲ್ಲ ಇಳಿದಿದ್ದವು. ಬೊಂಡ ಎಂದ ಹುಡುಗಿ ತನ್ನ ಜಾಗಕ್ಕೆ ಹೋಗಿ ಮತ್ತೆ ಲಂಗದ ತುದಿ ಹಿಡಿದು ಕುಳಿತಿದ್ದಳು. ಉಳಿದ ಹೊತ್ತು ನಮ್ಮ ವಿದ್ಯಾರ್ಥಿನಿ ಏನು ಕೇಳಿದರೂ ಮಕ್ಕಳು ಮೊದಲು ನನ್ನ ಮುಖ ನೋಡುತ್ತಿದ್ದರು. ಗಂಟೆ ಹೊಡೆಯಿತು, ಪಾಠ ಅರ್ಧಕ್ಕೆ ನಿಂತಿತು. ಪೂರ್ತಿಯಾಗದ ಪಾಠ ಪಾಸಿಲ್ಲ. ಅದೂ ನನ್ನದೇ ನಿಯಮ.

ಜಗಲಿಯಲ್ಲಿ ವಿದ್ಯಾರ್ಥಿನಿ ನನ್ನ ಎದುರು ನಿಂತಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿ. "ಮೇಡಂ, ನನ್ನನ್ನು ಪಾಸ್ ಮಾಡಿ, ಫೇಲ್ ಮಾಡಿ, ಅದು ನಿಮಗೆ ಬಿಟ್ಟದ್ದು. ಆದ್ರೆ ಆ ಮಗುವಿನ ಹತ್ರ ಒಂದು ಮಾತು ಹೇಳಿ. ನಾನು ಇಲ್ಲಿಗೆ ಬಂದು ಮೂರು ವಾರ ಆಯ್ತು. ಅವಳು ಬಾಯಿ ಬಿಟ್ಟದ್ದು ಇವತ್ತೇ. ಮೊಬೈಲ್ ತಂದದ್ದೂ ಅದಕ್ಕೇ. ಜನರ ಹತ್ರ ಮಾತಾಡ್ಲಿಕ್ಕೆ ಅವಳಿಗೆ ಹೆದರಿಕೆ."

ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಪ್ರಯೋಜನ ಕಾಣಬೇಕು ಎಂದಿದ್ದೆನಲ್ಲ, ಅದು ನನ್ನ ಕಣ್ಣೆದುರೇ ಬೆಂಚು ಬಡಿದು ನಗುತ್ತಿತ್ತು, ನಾನೇ ಹೋಗಿ ಬಾಯಿ ಮುಚ್ಚಿಸಿದ್ದೆ. ತರಗತಿಗೆ ಮರಳಿ ಹೋಗಿ ಆ ಹುಡುಗಿಯ ಬೆಂಚಿನ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತೆ. "ನೀನು ಹೇಳಿದ್ದು ಸರಿ ಉಂಟು ಮಗಾ. ಬೊಂಡ ಅಂತಲೇ ಹೇಳುದು" ಎಂದೆ.

ಅವಳು ತಲೆ ತಗ್ಗಿಸಿಕೊಂಡೇ ಸಣ್ಣ ದನಿಯಲ್ಲಿ ಕೇಳಿದಳು. "ನಿಮ್ಮ ಮನೆಯಲ್ಲಿ ಎಂತ ಹೇಳುದು?"

ನನ್ನ ಮನೆಯ ಮಾತು ತುಳು. ಅದೇ ದಿನ ಬೆಳಿಗ್ಗೆ ದೇರೆಬೈಲಿನಲ್ಲಿ ಬಸ್ಸಿಗೆ ಕಾಯುವಾಗ ಗಾಡಿಯವನ ಹತ್ತಿರ "ಒಂಜಿ ಬೊಂಡ ಕೊರ್ಲೆ" ಎಂದು ಕೇಳಿ ಕುಡಿದು ಬಂದಿದ್ದೆ. ಹುಟ್ಟಿದಂದಿನಿಂದ ತರಗತಿಯ ಹೊರಗೆ ನನ್ನ ಬಾಯಲ್ಲಿ ಅದಕ್ಕೆ ಬೇರೆ ಹೆಸರು ಬಂದದ್ದೇ ಇಲ್ಲ.

"ನಾವೂ ಬೊಂಡ ಅಂತಲೇ ಹೇಳುದು" ಎಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ಮತ್ತೆ ನನಗೆ ಎಂತಕ್ಕೆ ಬೈದದ್ದು?"

"ತಪ್ಪಾಯ್ತು" ಎಂದೆ. ಇಪ್ಪತ್ತು ವರ್ಷಗಳಲ್ಲಿ ತರಗತಿಯೊಂದರಲ್ಲಿ ಆ ಶಬ್ದವನ್ನು ನಾನು ಹೇಳಿದ್ದು ಅದೇ ಮೊದಲು. ಎದ್ದು ಬಂದು ನಮ್ಮ ವಿದ್ಯಾರ್ಥಿನಿಯ ವೀಕ್ಷಣಾ ಪುಸ್ತಕ ತೆರೆದು ಪಾಸ್ ಎಂದು ಬರೆದೆ. ಪಾಠ ಯಾಕೆ ಅರ್ಧಕ್ಕೆ ನಿಂತಿತು ಎಂಬ ಜಾಗದಲ್ಲಿ, ವೀಕ್ಷಕಿ ನಡುವೆ ಎದ್ದು ಕೆಡಿಸಿದರು ಎಂದು ಬರೆದು, ಕೆಳಗೆ ವೀಕ್ಷಕಿಯ ಸಹಿ ಹಾಕಿದೆ.